ಕಾಲರಿನೊಳಗಿನ ನೂಲು

ಶಿರಸಿ
ಗುರುವಾರ, ೨೩ ಜನವರಿ ೨೦೨೫

ಪ್ರೀತಿಯ ದುರ್ಗಿಗೆ,

ನಿನ್ನ ಬೀಬಿಯ ಸಲಾಮು. ನಾವೆಲ್ಲ ಇಲ್ಲಿ ಚೆನ್ನಾಗಿದ್ದೇವೆ ಎಂದು ಬರೆಯುವುದು ರೂಢಿ, ಅದಕ್ಕೆ ಬರೆದಿದ್ದೇನೆ. ನಿನ್ನ ಗಂಡ ಚೌಡಣ್ಣನವರ ಕೈ ಈಗ ಹೇಗಿದೆ ಎಂದು ಕೇಳುವುದಕ್ಕೇ ನಾನು ಮೂರು ವಾರ ತೆಗೆದುಕೊಂಡೆ. ಆ ತಡಕ್ಕೆ ಮೊದಲು ನನ್ನನ್ನು ಬಾಯಿತುಂಬ ಬೈದುಬಿಡು, ಆಮೇಲೆ ಮುಂದೆ ಓದು.

ನಿನ್ನ ಮಗಳು ನೇತ್ರಾ ನಾಲ್ಕು ಸಲ ಫೋನ್ ಮಾಡಿದ್ದಳು. ನಾಲ್ಕು ಸಲವೂ ಫೋನು ನನ್ನ ಮಡಿಲಲ್ಲೇ ಇತ್ತು. ಅವಳ ಹೆಸರು ನೋಡುತ್ತ ಕೂತೆ, ಎತ್ತಲಿಲ್ಲ. ಅಡುಗೆಮನೆಯಿಂದ ನಮ್ಮ ಹುಮಾ, "ಅಮ್ಮೀ, ಫೋನು ಅಷ್ಟೊತ್ತಿಂದ ಹೊಡ್ಕೊಳ್ತಾ ಇದೆ, ಕೇಳ್ತಿಲ್ವಾ?" ಎಂದು ಕೂಗಿದಳು. ಕೇಳಿಸಲಿಲ್ಲ ಎಂದೆ. ಈಗ ಸೊಸೆಗೆ ನನ್ನ ಕಿವಿಯ ಮೇಲೆ ಅನುಮಾನ ಬಂದು, ಡಾಕ್ಟರಿಗೆ ತೋರಿಸಿಕೊಂಡು ಬರೋಣ ಎಂದು ದಿನಾ ಗಂಟು ಬಿದ್ದಿದ್ದಾಳೆ.

ನೀನು ಮಾಜ್‌ನ ಲಗೇಜ್ ಗಾಡಿಯಲ್ಲಿ ಕಳಿಸಿದ ಜೋನಿಬೆಲ್ಲದ ಡಬ್ಬಿ ಬಂದು ಮುಟ್ಟಿತು. ಅವನು ಅದನ್ನು ನನ್ನ ಮುಂದೆ ಇಟ್ಟು, ನೀನು ಹೇಳಿ ಕಳಿಸಿದ ಮಾತನ್ನು ನಿನ್ನ ಹಾಗೆಯೇ ಹೇಳಿದ: "ನಿಮ್ಮಮ್ಮ ಕೊಟ್ಟಿದ್ದು ಉಣ್ಣೆ ಜರ್ಕಿನ್ ಆಗಿದ್ದಕ್ಕೆ ಇಷ್ಟಕ್ಕೇ ಹೋತು. ಬೇರೆ ಯಾರಾದ್ರೂ ಕೊಟ್ಟ ಕಚಡಾ ಆಗಿದ್ರೆ ಇವರ ಜೀವ ಉಳೀತಿರ್ಲಿಲ್ಲ." ಮಗ ನನ್ನ ಮುಖ ನೋಡಿ ನಕ್ಕ. ತಾಯಿಯ ಬಗ್ಗೆ ಅವನಿಗೆ ಹೆಮ್ಮೆಯಾಗಿತ್ತು. ನನಗೆ ನಿಂತ ನೆಲ ಬಾಯಿಬಿಡಬಾರದೇ ಅನ್ನಿಸಿತು. ಡಬ್ಬಿಯ ಮುಚ್ಚಳ ಇನ್ನೂ ತೆಗೆದಿಲ್ಲ. ಮೊಮ್ಮಕ್ಕಳು ದೋಸೆಗೆ ಬೆಲ್ಲ ಕೇಳಿದರೆ ಇರುವೆ ಹೊಕ್ಕಿದೆ ಎಂದು ಹೇಳಿ ಮೇಲಿನ ಗೂಡಿನಲ್ಲಿ ಇಟ್ಟಿದ್ದೇನೆ.

ದುರ್ಗಿ, ಅದು ಉಣ್ಣೆಯಲ್ಲ. ಒಂದೆಳೆಯೂ ಉಣ್ಣೆಯಲ್ಲ. ತಡೆ, ಒಂದೆಳೆ ಇತ್ತು. ಆ ಒಂದೆಳೆಯ ವಿಷಯ ಹೇಳುವುದಕ್ಕೇ ಈ ಪತ್ರ. ಫೋನಿನಲ್ಲಿ ಹೇಳಿದರೆ ನೀನು ನಡುವೆ ಬಾಯಿ ಹಾಕಿ, "ಬಿಡು ಮಾರಾಯ್ತಿ, ನಿಂದೆಂತ ತಪ್ಪು" ಎಂದುಬಿಡುತ್ತೀಯ. ನಾನೂ ಅಷ್ಟಕ್ಕೇ ಬಾಯಿ ಮುಚ್ಚಿಕೊಳ್ಳುತ್ತೇನೆ. ಕಾಗದಕ್ಕೆ ನಡುವೆ ಬಾಯಿ ಹಾಕಲಿಕ್ಕೆ ಆಗುವುದಿಲ್ಲವಲ್ಲ, ಅದಕ್ಕೆ ಮೊಮ್ಮಗಳ ನೋಟ್‌ಬುಕ್ಕಿನಿಂದ ಹಾಳೆ ಹರಿದು ಕೂತಿದ್ದೇನೆ.

ನಮ್ಮ ವ್ಯಾಪಾರವನ್ನು ನೀನು ರಾಶಿಯ ಆಚೆ ನಿಂತು ನೋಡಿದ್ದೀಯ, ಈಚೆ ಕೂತು ನೋಡಿಲ್ಲ. ದೀಪಾವಳಿ ಮುಗಿದ ಮೇಲೆ ಹುಬ್ಬಳ್ಳಿಯಿಂದ ಗಂಟುಗಟ್ಟಲೆ ಸ್ವೆಟರ್, ಜರ್ಕಿನ್, ಮಂಕಿ ಕ್ಯಾಪು ತರುತ್ತೇವೆ. ಮಂಗಳವಾರ ಶಿರಸಿ, ಬುಧವಾರ ಸಿದ್ದಾಪುರ, ಭಾನುವಾರ ಯಲ್ಲಾಪುರ ಸಂತೆ. ತಾಡಪತ್ರಿ ಹಾಸಿ ಸುರಿದುಕೊಂಡು ಕೂತರೆ ಶಿವರಾತ್ರಿಯವರೆಗೆ ನಮ್ಮ ಸುಗ್ಗಿ. ನನ್ನ ಹತ್ತಿರ ಬರುವವರು ಅಂದ ನೋಡಿ ಕೊಳ್ಳುವವರಲ್ಲ, ಕೆಲಸ ನೋಡಿ ಕೊಳ್ಳುವವರು. ಇಸಳೂರಿನಿಂದ ಬೆಳಗಾಮುಂಚೆ ಬೈಕಿನಲ್ಲಿ ಹಾಲು ತರುವವನಿಗೆ ಎದೆಗೆ ಗಾಳಿ ಹೊಗದಂಥದ್ದು ಬೇಕು. ಇಬ್ಬನಿಯಲ್ಲಿ ಹುಲ್ಲು ಕೊಯ್ಯುವ ಹೆಂಗಸರಿಗೆ ಸೀರೆಯ ಮೇಲೆ ಹಾಕಿಕೊಂಡ ಗಂಡನ ಹಳೇ ಅಂಗಿಯೇ ಸಾಕು, ಅದರೊಳಗೆ ತೆಳ್ಳನೆಯದೊಂದು ಸ್ವೆಟರ್ ಸಿಕ್ಕರೆ ಹಬ್ಬ. ಮುಖ ನೋಡಿ, ಕೈ ನೋಡಿ, ಇವರಿಗೆ ಇಂಥದ್ದೇ ಎಂದು ರಾಶಿಯಿಂದ ಎಳೆದು ಕೊಡುತ್ತಿದ್ದೆ. ಆ ವಿಷಯದಲ್ಲಿ ನನಗೆ ಭಾರೀ ಜಂಬವಿತ್ತು ದುರ್ಗಿ.

ನಮ್ಮ ಮನೆಯವರು, ಕರೀಂ ಸಾಹೇಬರು, ಬದುಕಿದ್ದಾಗ ನೈಲಾನಿನ ಬಟ್ಟೆಯನ್ನು ಗಿರಾಕಿ ಕೈಗೆತ್ತಿಕೊಂಡ ಕೂಡಲೇ ಅವರೇ ಮುಂದಾಗಿ, "ಇದು ಗಾಳಿಗಾಯ್ತು, ಬೆಂಕಿಗಾಗಲ್ಲ. ಒಲೆ ಮುಂದೆ ಕೂರೋರು ತಗೋಬೇಡಿ" ಎನ್ನುತ್ತಿದ್ದರು. ಗಿರಾಕಿ ಅದನ್ನು ಅಲ್ಲೇ ಬಿಟ್ಟು ಹೋಗುತ್ತಿತ್ತು. ಮಧ್ಯಾಹ್ನ ಬುತ್ತಿ ಬಿಚ್ಚುವಾಗ ನಾನು ಶುರು ಮಾಡುತ್ತಿದ್ದೆ: "ವ್ಯಾಪಾರಕ್ಕೆ ಬಂದಿದ್ದೀರೋ, ಪಾಠ ಹೇಳ್ಲಿಕ್ಕೆ ಬಂದಿದ್ದೀರೋ?" ಅವರು ರೊಟ್ಟಿ ಮುರಿಯುತ್ತ ನಗುತ್ತಿದ್ದರು. ಆ ನಗು ನೋಡಿ ನನ್ನ ಪಿತ್ತ ಇನ್ನಷ್ಟು ನೆತ್ತಿಗೇರುತ್ತಿತ್ತು. ಅವರು ತೀರಿಕೊಂಡ ಮೇಲೆ ಅಂಗಡಿ ನನ್ನದು, ಮಾತೂ ನನ್ನದು.

ನಮ್ಮ ಕಡೆಯವರಿಗೆ ಕಂಬಳಿ ಕೊಳ್ಳುವಾಗಿನ ಒಂದು ಪದ್ಧತಿ ಇದೆಯಲ್ಲ. ಅಂಚಿನ ನೂಲು ಒಂದು ಎಳೆದು, ಕಡ್ಡಿ ಗೀರಿ ಸುಡುವುದು. ಕೂದಲು ಸುಟ್ಟ ವಾಸನೆ ಬಂದು ಬೂದಿ ಬೆರಳಲ್ಲಿ ಪುಡಿಯಾದರೆ ಉಣ್ಣೆ, ಕರಗಿ ಮಣಿ ಕಟ್ಟಿದರೆ ಪ್ಲಾಸ್ಟಿಕ್ಕು. ನಿನ್ನ ಅಪ್ಪ ಕಾನಸೂರಿನ ಜಗಲಿಯಲ್ಲಿ ಕೂತು ಹಾಗೆ ಸುಟ್ಟು ಮೂಸುತ್ತಿದ್ದದ್ದು ನನಗೆ ನೆನಪಿದೆ. ಸಂತೆಯಲ್ಲೂ ಅಷ್ಟೇ. ನಾನು ದೇವರ ಮೇಲೆ ಆಣೆ ಹಾಕಿದರೂ ನಂಬದವರು ಸುಟ್ಟ ನೂಲನ್ನು ನಂಬುತ್ತಾರೆ. ಸಾಹೇಬರು ಹೋದ ಮರುವರ್ಷ ಹಳೇ ಕಂಬಳಿಯ ಅಂಚಿನಿಂದ ಕಪ್ಪು ನೂಲು ಬಿಡಿಸಿಕೊಂಡೆ. ಸೂಜಿಗೆ ಪೋಣಿಸಿ, ಒಂದೊಂದು ಜರ್ಕಿನ್ನಿನ ಕಾಲರಿನ ಒಳಗೆ ಎರಡು ಬೆರಳುದ್ದ ಸೇರಿಸಿ, ತುದಿಯನ್ನು ಸ್ವಲ್ಪವೇ ಹೊರಗೆ ಬಿಟ್ಟೆ. ಯಾರಾದರೂ ಅನುಮಾನ ಪಟ್ಟರೆ ಆ ತುದಿ ಎಳೆದು, ಹರಿದು, ಅವರ ಕಣ್ಣೆದುರೇ ಸುಡುವುದು. ಯಾರೂ ಕಲಿಸಿದ ವಿದ್ಯೆಯಲ್ಲ ಇದು, ನನ್ನ ತಲೆಯಲ್ಲೇ ಹುಟ್ಟಿದ್ದು. ಮೊದಲ ಸಲ ಮಾಡಿದ ದಿನ ಎಷ್ಟು ಚುರುಕು ನಾನು ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೆ.

ಈಗ ಡಿಸೆಂಬರ್ ಹದಿನೆಂಟರ ಬುಧವಾರಕ್ಕೆ ಬರುತ್ತೇನೆ. ನಿನಗೂ ನೆನಪಿರುತ್ತದೆ, ಆದರೆ ನಿನ್ನ ನೆನಪಿನಲ್ಲಿ ಅರ್ಧ ಇಲ್ಲ. ಸಿದ್ದಾಪುರದ ಸಂತೆಗೆ ನೀನು ಹನ್ನೊಂದು ಗಂಟೆಗೆ ಬಂದೆ. ಬಂದವಳೇ ರಾಶಿಯ ಪಕ್ಕ ಕುಕ್ಕರಗಾಲಲ್ಲಿ ಕೂತು, "ಬೀಬಿ, ನಮ್ಮನೆಯವರಿಗೆ ಒಂದು ಬೆಚ್ಚಗಿಂದು ನೋಡೇ. ಕಂಬಳಿ ತೂತು ಬಿದ್ದು ಜಾಳಾಗಿ ಹೋಗದೆ. ಇಬ್ಬನಿಗೆ ನೆಂದ್ರೆ ಹೊರಕ್ಕಾಗಲ್ಲ ಅಷ್ಟು ಭಾರ. ಆಲೆಮನೆ ಸುರು ಆತು, ಬೆಳಗಾಗದ್ರೊಳಗೆ ಕೊಪ್ಪರಿಗೆ ಮುಂದೆ ನಿಲ್ಬೇಕು. ರೇಟು ಮಾತ್ರ ಜಾಸ್ತಿ ಹೇಳ್ಬೇಡ, ಹೇಳಿದ್ರೂ ನಾ ಕೊಡದಿಲ್ಲ" ಎಂದೆ. ಆಮೇಲೆ ಇನ್ನೊಂದು ಮಾತೂ ಹೇಳಿದೆ. "ಬೆಂಕಿ ಹತ್ರ ಇರೋರು, ಉಣ್ಣೇದೇ ಆಗ್ಬೇಕು."

ಅಷ್ಟು ಹೊತ್ತಿಗೆ ನಿನ್ನ ಕೈ ಆ ನೀಲಿ ಜರ್ಕಿನ್ ಮೇಲೆ ಇತ್ತು. ಒಳಗೆಲ್ಲ ಮೆತ್ತನೆಯ ರೋಮ, ಹೊರಗೆ ಮಿರಮಿರ. ರಾಶಿಯ ತಳದಲ್ಲಿ ಒಂದು ಖಾಕಿ ಬಣ್ಣದ ಹಳೇ ಸ್ವೆಟರ್ ಇತ್ತು ದುರ್ಗಿ, ಅಪ್ಪಟ ಉಣ್ಣೆ, ಮೊಣಕೈ ಹತ್ತಿರ ರಫೂ ಮಾಡಿದ್ದು. ಬೆಲೆಯೂ ಹೆಚ್ಚುಕಡಿಮೆ ಅಷ್ಟೇ. ಅದು ಅಲ್ಲಿದೆ ಎಂದು ನನಗೆ ಗೊತ್ತಿತ್ತು. ಅದನ್ನು ಎಳೆದು ಕೊಟ್ಟರೆ, ಕೈಯಲ್ಲಿದ್ದದ್ದು ಯಾಕೆ ಬೇಡ ಎಂದು ಹೇಳಬೇಕಾಗುತ್ತಿತ್ತು. ಸುತ್ತ ಹತ್ತು ಜನ ನಿಂತಿದ್ದರು. ನಾನು ಹೇಳಲಿಲ್ಲ.

ಆಗ ಪಕ್ಕದಲ್ಲಿದ್ದ ಒಬ್ಬ ಹೆಂಗಸು, "ಎಂತ ಉಣ್ಣೆ ಇದು, ಮಿಂಚ್ತಾ ಅದೆ, ಪ್ಲಾಸ್ಟಿಕ್ಕು" ಎಂದು ಮೂಗು ಮುರಿದಳು. ನೀನು ಸೆರಗು ಸಿಕ್ಕಿಸಿಕೊಂಡು ಅವಳ ಮೇಲೆ ಏರಿ ಹೋದೆ. "ಎಂತ ಮಾತು ಆಡ್ತೀಯೆ? ನಾನೂ ಬೀಬೀನೂ ಒಂದೇ ಮಣೆ ಮೇಲೆ ಕೂತು ಏಳನೇತಿ ತನಕ ಕಲ್ತವ್ರು. ಅವ್ಳು ನಂಗೆ ಸುಳ್ಳು ಹೇಳ್ತಾಳ? ಸುಟ್ಟು ತೋರ್ಸೇ ಬೀಬಿ, ಇವಳ ಮೂಗಿಗೇ ಹಿಡಿ."

ನಾನು ನೂಲು ಎಳೆದೆ, ಕಡ್ಡಿ ಗೀರಿದೆ, ಸುಟ್ಟೆ. ಅವಳ ಮೂಗಿಗೆ ಹಿಡಿದೆ, ನಿನ್ನ ಮೂಗಿಗೂ ಹಿಡಿದೆ. ನೀನು ಬೂದಿಯನ್ನು ಬೆರಳಲ್ಲಿ ಉಜ್ಜಿ, "ಹಾಂ, ನೋಡು" ಎಂದೆ. ನಿನ್ನ ಮಾತು ಕೇಳಿ ಅಲ್ಲೇ ನಾಲ್ಕು ಜನ ಅದೇ ಜರ್ಕಿನ್ ತೆಗೆದುಕೊಂಡರು.

ನಿನಗೆ ಬಸ್‌ಸ್ಟ್ಯಾಂಡಿನ ಹತ್ತಿರ ಹೋಗಿ ಗುಟ್ಟಾಗಿ ಹೇಳೋಣ, ಸ್ವೆಟರಿಗೆ ಬದಲಾಯಿಸಿ ಕೊಡೋಣ ಎಂದು ಮನಸ್ಸಿನಲ್ಲಿ ಇಟ್ಟುಕೊಂಡಿದ್ದೆ. ಇದು ನಿಜ, ನಂಬುವುದು ಬಿಡುವುದು ನಿನಗೆ ಬಿಟ್ಟದ್ದು. ಗಿರಾಕಿ ಮೇಲೆ ಗಿರಾಕಿ ಬಂತು. ನಾಲ್ಕು ಗಂಟೆಯ ಬಸ್ಸು ನನ್ನ ಅಂಗಡಿಯ ಮುಂದೆಯೇ ಹೋಯಿತು. ನೀನು ಕಿಟಕಿಯಲ್ಲಿ ಕೂತು ಚೀಲದಿಂದ ಆ ಜರ್ಕಿನ್ ಅರ್ಧ ಹೊರಗೆ ತೆಗೆದು ನನಗೆ ತೋರಿಸಿದೆ. ನಾನೂ ಕೈ ಬೀಸಿದೆ.

ಒಂದು ವಾರ ಬಿಟ್ಟು ನೀನು ಫೋನ್ ಮಾಡಿದ್ದೆ. "ಕಂಬಳೀನೇ ಸಾಕಾಗಿತ್ತು ಅಂತ ಮೊದಲು ಗೊಣಗಿದ್ರು ಬೀಬಿ, ಈಗ ಮೈಮೇಲಿಂದ ತೆಗಿಯದೇ ಇಲ್ಲ. ಹಗೂರ ಅದೆ ಅಂತಾರೆ." ಆಗಲಾದರೂ ಒಲೆಯ ಹತ್ತಿರ ಅದನ್ನು ತೆಗೆದಿಡಲಿ ಎಂದು ಹೇಳಬಹುದಿತ್ತು. ಅಷ್ಟು ಹೇಳಿದ್ದರೆ ನನ್ನ ಸುಳ್ಳೂ ಉಳಿಯುತ್ತಿತ್ತು, ಅವರ ಕೈಯೂ ಉಳಿಯುತ್ತಿತ್ತು. ನಾನು ಏನು ಹೇಳಿದೆ ಗೊತ್ತೇ? ತೊಳೆಯುವಾಗ ಬಿಸಿನೀರು ಹಾಕಬೇಡ, ಬಣ್ಣ ಹೋಗುತ್ತದೆ ಎಂದೆ.

ಹುಮಾ ಚಹಾಕ್ಕೆ ಕರೆಯುತ್ತಿದ್ದಾಳೆ. ಉಳಿದದ್ದನ್ನು ನಾಳೆ ಬರೆಯುತ್ತೇನೆ. ಈಗ ಎದ್ದರೆ ಮತ್ತೆ ಕೂರುತ್ತೇನೋ ಇಲ್ಲವೋ ಎಂಬ ಹೆದರಿಕೆಯೂ ಇದೆ.

ಶುಕ್ರವಾರ, ೨೪

ಕೂತೆ ನೋಡು. ಗಂಡಸರೆಲ್ಲ ನಮಾಜಿಗೆ ಹೋಗಿದ್ದಾರೆ, ಹುಮಾ ತಾಯಿಯ ಮನೆಗೆ ಹೋಗಿದ್ದಾಳೆ. ಮನೆಯಲ್ಲಿ ನಾನೊಬ್ಬಳೇ.

ಜನವರಿ ಎರಡರ ಗುರುವಾರ ಮಾಜ್ ಸಿದ್ದಾಪುರದ ಬಾಡಿಗೆ ಮುಗಿಸಿ ಬಂದವನು, "ಕಾನಸೂರಿನ ಚೌಡಣ್ಣನಿಗೆ ಆಲೆಮನೇಲಿ ಬೆಂಕಿ ತಾಗಿದೆಯಂತೆ, ಇಲ್ಲೇ ದವಾಖಾನೆಗೆ ತಂದಿದ್ದಾರೆ" ಎಂದ. ನಾನು ಕೈಯಲ್ಲಿದ್ದ ಅಕ್ಕಿಯ ಮೊರ ಇಟ್ಟು, "ಏನು ಹಾಕ್ಕೊಂಡಿದ್ರಂತೆ?" ಎಂದು ಕೇಳಿದೆ. ಬೆಂಕಿ ಬಿದ್ದವನು ಹೇಗಿದ್ದಾನೆ ಎಂದು ಕೇಳಬೇಕಾದ ಬಾಯಿ ಅದು. ಮಗ ನನ್ನನ್ನು ವಿಚಿತ್ರವಾಗಿ ನೋಡಿದ.

ಮರುದಿನ ಬೆಳಿಗ್ಗೆ ನಾನು ಬಂದದ್ದು ನಿನಗೆ ಗೊತ್ತು. ಹಣ್ಣು ತಂದಿದ್ದೆ. ನೀನು ನನ್ನ ಕೈ ಹಿಡಿದುಕೊಂಡು ಅತ್ತೆ. ನಾನೂ ಅತ್ತೆ, ಅದು ನಾಟಕವಲ್ಲ. ಚೌಡಣ್ಣನವರ ಎಡ ಭುಜದಿಂದ ಕುತ್ತಿಗೆಯವರೆಗೆ ಬಟ್ಟೆ ಸುತ್ತಿದ್ದರು. ಬಲಗೈಯ ಬೆರಳುಗಳಿಗೂ ಸುತ್ತಿದ್ದರು. ಭುಜ ಸುಟ್ಟದ್ದು ಕಿಡಿಯಿಂದ, ಬಲಗೈ ಯಾಕೆ ಎಂದು ಕೇಳಿದ್ದಕ್ಕೆ ನೀನು, "ಹೊತ್ಕಂಡಿದ್ದನ್ನ ಕಿತ್ತು ಬಿಸಾಕಕ್ಕೆ ಹೋದ್ರು, ಅದು ಕೈಗೇ ಅಂಟ್ಕಂತು" ಎಂದೆ. ಆ ಬೆರಳುಗಳು ಎಂಥವು ಎಂದು ನಿನ್ನಷ್ಟೇ ನನಗೂ ಗೊತ್ತು. ನೀರಿಗೆ ಅದ್ದಿ, ಕುದಿಯುವ ಕೊಪ್ಪರಿಗೆಯಿಂದ ಪಾಕ ತೆಗೆದು, ಎರಡು ಬೆರಳ ನಡುವೆ ಎಳೆದು ಹದ ಹೇಳುವ ಬೆರಳುಗಳು. ಕಾನಸೂರಿನಿಂದ ಆಚೆಗೂ ನಾಲ್ಕು ಊರಿನವರು ಅವರನ್ನು ಕರೆಯುತ್ತಿದ್ದದ್ದು ಆ ಹದಕ್ಕೆ.

ನನ್ನನ್ನು ನೋಡಿ ಅವರು ಮಗ್ಗುಲು ತಿರುಗಲು ನೋಡಿದರು. ತಿರುಗಲಾಗದೆ ಹಾಗೇ ಮಲಗಿ, "ಬೀಬಮ್ಮ, ನೀವು ಕೊಟ್ಟ ಜರ್ಕಿನ್ ಹಾಳು ಮಾಡ್ಬಿಟ್ಟೆ. ಒಳ್ಳೇ ಬೆಚ್ಚಗಿತ್ತು" ಎಂದರು. ದುರ್ಗಿ, ಅವರು ನನ್ನ ಹತ್ತಿರ ಕ್ಷಮೆ ಕೇಳುತ್ತಿದ್ದರು. ನಾನು "ಅದೇನು ಮಹಾ, ಬಿಡಿ" ಎಂದೆ. ಆ ಮಾತು ಆಡಿದ ನಾಲಿಗೆ ಇನ್ನೂ ನನ್ನ ಬಾಯಿಯಲ್ಲೇ ಇದೆ.

ಹೊರಗೆ ನೀನು ನೋಡಲು ಬಂದವರಿಗೆಲ್ಲ ಆಲೆಮನೆಯ ಒಲೆಗೆ ಉರಿ ಹಾಕುವ ಕೆರಿಯನ ಮೇಲೆ ಒಂದೇ ದೂರು ಹೇಳುತ್ತಿದ್ದೆ. "ಆ ಕೆರಿಯಂಗೆ ಎಷ್ಟು ಸಲ ಹೇಳಿದ್ರೂ ಅಷ್ಟೇ. ಕಬ್ಬಿನ ಒಣಾ ಸಿಪ್ಪೆ ಒಂದೇ ಸಲ ಒಲೆಗೆ ತುರುಕ್ತಾನೆ. ಕಿಡಿ ಹಾರದೇ ಎಂತ ಮಾಡ್ತದೆ?" ಅದೇ ಹೊತ್ತಿಗೆ ನರ್ಸಮ್ಮ ಒಬ್ಬರು ಟ್ರೇ ಹಿಡಿದು ನನ್ನ ಪಕ್ಕದಲ್ಲಿ ಹಾದು ಹೋಗುತ್ತ, "ನೀವು ಅವರ ಕಡೆಯವರಾ? ಯಾರೋ ಪುಣ್ಯಾತ್ಮರು ಪ್ಲಾಸ್ಟಿಕ್ ಜರ್ಕಿನ್ ಮಾರಿದ್ದಾರೆ ನೋಡಿ. ಕರಗಿ ಮೈಗೆ ಅಂಟಿದೆ, ಬಿಡಿಸಿದ್ರೆ ಚರ್ಮಾನೇ ಕಿತ್ಕೊಂಡು ಬರ್ತದೆ" ಎಂದರು. ನಾನು ಏನು ಹೇಳಿದೆ ಎಂದು ಬರೆಯಲು ಪೆನ್ನು ಏಳುತ್ತಿಲ್ಲ, ಆದರೂ ಬರೆಯುತ್ತೇನೆ. "ಹೌದಲ್ವಾ ಸಿಸ್ಟರ್, ಎಂಥೆಂಥಾ ಜನ ಇರ್ತಾರೆ" ಎಂದೆ.

ಅವರು ಆ ಮಾತನ್ನು ನಿನಗೂ ಹೇಳಿಯಾರು ಎಂದು ಹೆದರಿ, ನೀನು ಊಟ ಮಾಡಿಕೊಂಡು ಹೋಗು ಎಂದರೂ ನಿಲ್ಲದೆ ಮನೆಗೆ ಬಂದೆ. ಹೇಳಲಿಲ್ಲ ಅಂತ ಕಾಣುತ್ತದೆ. ಹೇಳಿದ್ದರೆ ನೀನು ಬೆಲ್ಲ ಕಳಿಸುತ್ತಿರಲಿಲ್ಲ.

ಆಮೇಲೆ ಮೂರು ವಾರ ನಾನು ನಿನ್ನ ಕಡೆ ತಲೆ ಹಾಕಲಿಲ್ಲ. ಸಿದ್ದಾಪುರ ಸಂತೆಗೆ ಹೋಗುವಾಗ ಕಾನಸೂರು ಬಂದರೆ ಬಸ್ಸಿನಲ್ಲಿ ಆಚೆ ಕಿಟಕಿಯ ಕಡೆ ಮುಖ ಮಾಡಿ ಕೂರುತ್ತಿದ್ದೆ. ಗುಣವಾಗುತ್ತದೆ, ಎಲ್ಲರೂ ಮರೆಯುತ್ತಾರೆ, ನಾನೂ ಮರೆಯುತ್ತೇನೆ ಎಂದುಕೊಂಡಿದ್ದೆ. ನಿಜ ಹೇಳುತ್ತೇನೆ, ಮೊನ್ನೆ ಮಂಗಳವಾರ ಕೆರಿಯ ಬರದೇ ಹೋಗಿದ್ದರೆ ಈ ಪತ್ರವನ್ನು ನಾನು ಬರೆಯುತ್ತಲೇ ಇರಲಿಲ್ಲ.

ಶಿರಸಿ ಸಂತೆಯ ಹೊತ್ತು. ಅವನು ತಲೆಗೆ ಟವೆಲ್ ಸುತ್ತಿಕೊಂಡು ರಾಶಿಯ ಆಚೆ ಬಂದು ನಿಂತ. ಏನನ್ನೂ ಮುಟ್ಟಲಿಲ್ಲ. ಗಿರಾಕಿಗಳು ಕರಗುವವರೆಗೆ ನಿಂತೇ ಇದ್ದ. ಆಮೇಲೆ ಹತ್ತಿರ ಬಂದು, "ಬೀಬಮ್ಮ, ಒಂದು ಮಾತು ಕೇಳ್ಳಾ? ಉಣ್ಣೆ ಹಂಗೆ ಉರೀತದಾ?" ಎಂದ.

"ಹೇಗೆ?" ಎಂದೆ.

"ನಾ ಇಪ್ಪತ್ತೆರಡು ವರ್ಷ ಆತು ಆಲೆಮನೆ ಒಲೆ ಮುಂದೆ ಕೂತು. ಚೌಡಣ್ಣನ ಕಂಬಳಿ ಮೇಲೆ ದಿನಾ ಕಿಡಿ ಬೀಳ್ತಿತ್ತು. ಕೈಯಲ್ಲಿ ಕೊಡವಿದ್ರೆ ಆರ್ತಿತ್ತು, ಒಂದು ತೂತು ಬೀಳ್ತಿತ್ತು, ಅಷ್ಟೇಯ. ಇದು ಹಂಗಲ್ಲ. ಎಣ್ಣೆ ಹೊತ್ಕಂಡ ಹಂಗೆ ಹೊತ್ಕಂತು, ಉರಿ ಹನಿ ಹನಿಯಾಗಿ ನೆಲಕ್ಕೆ ಬಿತ್ತು. ಅವತ್ತು ನಾ ಸಿಪ್ಪೆ ಜಾಸ್ತಿ ತುರುಕಿರ್ಲಿಲ್ಲ ಬೀಬಮ್ಮ. ಆದ್ರೆ ಆಲೆಮನೆ ಕೂಡಿ ನಡೆಸೋ ನಾಲ್ಕೂ ಮನೆಯವ್ರು ಒಂದೇ ಹೇಳ್ತಾರೆ. ಕೇಳಿ ಕೇಳಿ ನಂಗೂ ಈಗ ಅನುಮಾನ. ತುರುಕಿದ್ನೇನೋ. ನಿಮಗೆ ಬಟ್ಟೆ ವಿಷಯ ಗೊತ್ತದೆ, ಅದಕ್ಕೆ ಬಸ್ಸು ಹತ್ತಿ ಬಂದೆ."

ಕಾನಸೂರಿನಿಂದ ಅಷ್ಟಕ್ಕಾಗಿ ಬಂದಿದ್ದ. ನಿನ್ನ ಮಾತಿನ ಮೇಲೆ ನಾಲ್ಕು ಮನೆಯವರೂ ಅವನನ್ನು ಆಲೆಮನೆಗೆ ಬರಬೇಡ ಎಂದು ಹೇಳಿದ್ದಾರೆ. ಬೇರೆ ಊರಿನ ಆಲೆಮನೆಗೆ ಹೋದರೆ ಅಲ್ಲಿಯವರೂ, ಮನುಷ್ಯನಿಗೆ ಬೆಂಕಿ ಹಚ್ಚಿದವನು ಬೇಡ ಎಂದು ತಿರುಗಿಸಿ ಕಳಿಸಿದರಂತೆ. ಅದನ್ನೂ ಅವನು ದೂರುವವನ ಹಾಗೆ ಹೇಳಲಿಲ್ಲ, ಸುದ್ದಿ ಹೇಳುವವನ ಹಾಗೆ ಹೇಳಿದ.

ಅಲ್ಲಿ ನಾನು ಮತ್ತು ಅವನು ಬಿಟ್ಟರೆ ಯಾರೂ ಇರಲಿಲ್ಲ. ಹೇಳಲು ಅದಕ್ಕಿಂತ ಒಳ್ಳೆಯ ಹೊತ್ತು ಸಿಗುತ್ತಿರಲಿಲ್ಲ. ನಾನು ಕೈಯಲ್ಲಿದ್ದ ಸ್ವೆಟರ್ ಮಡಚುತ್ತ, "ಬೆಂಕಿ ಜೋರಾದ್ರೆ ಉಣ್ಣೆನೂ ಉರೀತದೆ ಕೆರಿಯಣ್ಣ" ಎಂದೆ.

ಅವನು ತಲೆಯ ಟವೆಲ್ ಬಿಚ್ಚಿ ಹೆಗಲಿಗೆ ಹಾಕಿಕೊಂಡ. "ಹಂಗಾರೆ ನಂದೇ ತಪ್ಪು" ಎಂದ. ಹೋಗುವಾಗ ನನಗೆ ಕೈ ಮುಗಿದ.

ಆ ಸಂಜೆ ಗಂಟು ಕಟ್ಟಿ ಮನೆಗೆ ಬಂದ ಮೇಲೆ ಎರಡು ದಿನ ಇದನ್ನೇ ತೂಗಿದೆ. ನಿನಗೆ ಮಾಡಿದ್ದು ಮೋಸ. ಆದರೆ ನನ್ನನ್ನು ಬೈಯಲು ನಿನಗೆ ಹಕ್ಕಾದರೂ ಇದೆ, ನಲವತ್ತೈದು ವರ್ಷದ ಗೆಳೆತನವಾದರೂ ಇದೆ. ಅವನಿಗೆ ಏನಿದೆ? ತನ್ನ ಕಣ್ಣು ಕಂಡದ್ದನ್ನೇ ಅವನು ನನ್ನ ಮಾತಿಗೆ ಬಿಟ್ಟುಕೊಟ್ಟು ಹೋದ.

ಅದಕ್ಕೆ ದುರ್ಗಿ, ಈ ಪತ್ರ ಮುಟ್ಟಿದ ದಿನವೇ ಕೆರಿಯನಿಗೆ ಹೇಳಿ ಕಳಿಸು. ನಾನು ಬರುವವರೆಗೆ ಕಾಯಬೇಡ. ಆಲೆಮನೆ ಇನ್ನು ಹೆಚ್ಚೆಂದರೆ ಮೂರು ವಾರ ನಡೆಯಬಹುದು, ಅಷ್ಟನ್ನಾದರೂ ಅವನು ಒಲೆಯ ಮುಂದೆ ತಲೆ ಎತ್ತಿ ಕೂರಲಿ. ಬರುವ ಬುಧವಾರ ಬೆಳಿಗ್ಗೆಯ ಬಸ್ಸಿಗೆ ನಾನು ಕಾನಸೂರಿನಲ್ಲಿ ಇಳಿಯುತ್ತೇನೆ. ಸಂತೆಗೆ ಹೋಗುವುದಿಲ್ಲ. ನಾಲ್ಕೂ ಮನೆಯವರನ್ನು ಆಲೆಮನೆಗೆ ಕರೆಸು. ನೂಲನ್ನೂ ಬಟ್ಟೆಯನ್ನೂ ತರುತ್ತೇನೆ, ಎರಡನ್ನೂ ಅವರೆದುರು ಸುಟ್ಟು ತೋರಿಸುತ್ತೇನೆ. ಬೈಯಲಿ, ಉಗುಳಲಿ, ನಾನು ನಿಂತಲ್ಲೇ ನಿಂತಿರುತ್ತೇನೆ. ನೀನು ನನ್ನ ಪಕ್ಕದಲ್ಲಿ ನಿಲ್ಲಬೇಕಾಗಿಲ್ಲ. ಈ ಸಲ ನನ್ನ ಪರವಾಗಿ ಯಾರ ಮೇಲೂ ಏರಿ ಹೋಗಬೇಡ.

ಒಳ್ಳೆಯದೊಂದು ಕಂಬಳಿ ನಿನಗೆ ಕಳಿಸೋಣ ಎಂದು ಕಟ್ಟಿ ಇಟ್ಟಿದ್ದೆ. ಆಮೇಲೆ ಬಿಚ್ಚಿದೆ. ಸುಟ್ಟ ಚರ್ಮಕ್ಕೆ ಬದಲು ಕಂಬಳಿ ಕೊಟ್ಟ ಹಾಗೆ ಆಗುತ್ತದೆ. ನೀನೇ ಎಲ್ಲಾದರೂ ತೆಗೆದುಕೋ, ನನ್ನ ಹತ್ತಿರ ಬೇಡ. ಹೊಸದಕ್ಕೆ ದುಡ್ಡು ಸಾಲದಿದ್ದರೆ ಹಳೇ ಕಂಬಳಿಯನ್ನೇ ಎರಡು ಪದರ ಮಾಡಿ ತೂತಿಗೆ ಗೋಣಿದಾರ ಹಾಕಿ ಹೊಲಿ. ಒಲೆಯ ಮುಂದೆ ಹೋಗುವವರಿಗೆ ಅದರೊಳಗೆ ದಪ್ಪ ಹತ್ತಿ ಅಂಗಿ ಎರಡು, ಒಂದರ ಮೇಲೊಂದು. ಕಿವಿಗೆ ಹತ್ತಿ ಟವೆಲ್ಲೇ ಸರಿ, ಮಂಕಿ ಕ್ಯಾಪು ಬೇಡ, ಅದೂ ಅದೇ ಜಾತಿಯದು. ನೂಲು ಸುಟ್ಟು ನೋಡುವುದಾದರೆ ಕಾಲರಿನದ್ದು ನೋಡಬೇಡ, ಬಟ್ಟೆಯ ಒಳಮಡಿಕೆಯಿಂದ ನೀನೇ ಕೈಯಾರೆ ಎಳೆದು ನೋಡು. ಇಷ್ಟನ್ನು ನಮ್ಮ ಸಾಹೇಬರು ಪುಕ್ಕಟೆ ಹೇಳುತ್ತಿದ್ದರು.

ಹೇಳಬೇಕಾದದ್ದನ್ನೆಲ್ಲ ಹೇಳಿದ್ದೇನೆ. ಚೌಡಣ್ಣನವರಿಗೆ ಈ ಪತ್ರ ಓದಿ ಹೇಳು, ಏನನ್ನೂ ಬಿಡಬೇಡ. ಅವರ ಬೆರಳುಗಳಿಗೆ ಮೊದಲಿನ ಹದ ಮರಳಿ ಬರಲಿ ಎಂದು ಐದು ಹೊತ್ತೂ ಕೇಳಿಕೊಳ್ಳುತ್ತಿದ್ದೇನೆ. ಕೇಳುವ ಮುಖ ನನಗಿಲ್ಲ, ಕೊಡುವವನು ನನ್ನ ಮುಖ ನೋಡದೆ ಕೊಡಲಿ. ನೇತ್ರಾ ನೂರ್ಕಾಲ ಚೆನ್ನಾಗಿರಲಿ, ಫೋನ್ ಎತ್ತದ ಮುದುಕಿಯ ಮೇಲೆ ಸಿಟ್ಟಾಗದಿರಲಿ. ನಿನ್ನ ಮನೆಯ ಒಲೆ ಯಾವತ್ತೂ ಆರದಿರಲಿ, ಯಾರನ್ನೂ ಸುಡದಿರಲಿ.

ನಿನ್ನ
ಬಿಸ್ಮಿಲ್ಲಾ ಬಿ

ತಾ.ಕ.: ಲಕೋಟೆ ಅಂಟಿಸಿ ಆಗಿತ್ತು, ಮತ್ತೆ ಹರಿದೆ. ಎಲ್ಲ ಹೇಳಿದ್ದೇನೆ ಎಂದು ಮೇಲೆ ಬರೆದದ್ದು ಸುಳ್ಳು. ದವಾಖಾನೆಯಲ್ಲಿ ಚೌಡಣ್ಣನವರನ್ನು ನೋಡಿ ಬಂದದ್ದು ಶುಕ್ರವಾರ. ಮರುದಿನ ಶನಿವಾರ ಕೂತು, ಉಳಿದಿದ್ದ ಒಂಬತ್ತು ಜರ್ಕಿನ್ನುಗಳ ಕಾಲರಿಗೂ ನೂಲು ಸೇರಿಸಿದೆ. ಭಾನುವಾರ ಯಲ್ಲಾಪುರಕ್ಕೆ ಒಯ್ದು ಒಂಬತ್ತನ್ನೂ ಮಾರಿದೆ. ಮನೆಯಲ್ಲಿದ್ದರೆ ಕಣ್ಣಿಗೆ ಚುಚ್ಚುತ್ತವೆ, ಹೋಗಲಿ ಅತ್ಲಾಗೆ ಎಂದುಕೊಂಡೆ. ಕೊನೆಯದನ್ನು ತೆಗೆದುಕೊಂಡವಳು ರಸ್ತೆಗೆ ಡಾಂಬರು ಹಾಕುವ ಗ್ಯಾಂಗಿನವಳು, ಹಾವೇರಿ ಕಡೆಯ ಮಾತು. "ಅಕ್ಕಾರ, ಡಾಂಬರ್ ಕುದಿಸೋ ಒಲಿ ಮುಂದ ಹಾಕ್ಕೊಂಡ್ರ ನಡೀತೈತೇನ್ರಿ?" ಎಂದು ಕೇಳಿದಳು. ನಾನು ನೂಲು ಸುಟ್ಟು ತೋರಿಸಿ, ನಡೆಯುತ್ತದೆ ಎಂದೆ. ನಾಡಿದ್ದು ಭಾನುವಾರ ಯಲ್ಲಾಪುರಕ್ಕೆ ಅವಳನ್ನು ಹುಡುಕಲು ಹೋಗುತ್ತೇನೆ. ಅವಳ ಹೆಸರು ಕೇಳಿರಲಿಲ್ಲ, ಊರು ಕೇಳಿರಲಿಲ್ಲ. ನಿನಗೆ ಬರೆಯಲು ನನಗೆ ವಿಳಾಸವಾದರೂ ಇತ್ತು.